ಪ್ರೇಮಹಾಸ್ಯದ ಸಿನಿಮಾವನ್ನು ಯುವಜನರಿಗೆ ತೋರಿಸುವ ಮುನ್ನ ಏನನ್ನು ನೋಡಬೇಕು?

ಪ್ರಶ್ನೆ (ಕೋಡಿಬಾಗ, ಕಾರವಾರ)

ಎಲ್ಲರಿಗೂ ನಮಸ್ಕಾರ. ನಮ್ಮ ಕಥೋಲಿಕ ಚರ್ಚಿನ ಧರ್ಮಕೇಂದ್ರದಲ್ಲಿ ಭಾನುವಾರದ ಪೂಜೆ ಮುಗಿದ ಮೇಲೆ 16ರಿಂದ 18 ವರ್ಷದ ಮಕ್ಕಳಿಗೆ ನಾನು ಧರ್ಮೋಪದೇಶದ ತರಗತಿ ನಡೆಸುತ್ತೇನೆ. ಮಳೆಗಾಲದಲ್ಲಿ ಅವರನ್ನು ಕಡಲತೀರಕ್ಕೆ ಕರೆದೊಯ್ಯುವಂತಿಲ್ಲವಾದ್ದರಿಂದ ತಿಂಗಳಿಗೊಮ್ಮೆ ಸಭಾಭವನದಲ್ಲಿ ಬಿಳಿ ಪಂಚೆ ಕಟ್ಟಿ ಸಿನಿಮಾ ತೋರಿಸುತ್ತೇವೆ. ಸಂತರ ಜೀವನಚರಿತ್ರೆಗಳನ್ನು ನೋಡಿ ನೋಡಿ ಸಾಕಾದ ಮಕ್ಕಳು ಈ ಸಲ ಒಂದು ಪ್ರೇಮಹಾಸ್ಯ ಚಿತ್ರ ಬೇಕೆಂದು ಕೇಳಿದ್ದಾರೆ. ಚಿತ್ರದ ಹೆಸರು ಇಲ್ಲಿ ಬೇಡ.

ಮೊನ್ನೆ ರಾತ್ರಿ ನೋಟ್‌ಬುಕ್ ಹಿಡಿದುಕೊಂಡು ಒಬ್ಬಳೇ ಅದನ್ನು ನೋಡಿದೆ. ಸೆನ್ಸಾರ್ ಮಂಡಳಿಯ ಯುಎ 13+ ಪ್ರಮಾಣಪತ್ರವಿದೆ. ಮುತ್ತು ಒಂದು, ಕುಡಿತದ ದೃಶ್ಯ ನಾಲ್ಕು, ದ್ವಂದ್ವಾರ್ಥದ ಮಾತು ಎರಡು. ಇಷ್ಟನ್ನೂ ಕೂಡಿಸಿದರೆ ಮನೆಯಲ್ಲಿ ಎಲ್ಲರೂ ಕುಳಿತು ನೋಡುವ ಧಾರಾವಾಹಿಗಿಂತ ಹೆಚ್ಚೇನೂ ಇಲ್ಲ. ಆದರೂ ಮನಸ್ಸಿಗೆ ಸಮಾಧಾನವಾಗಲಿಲ್ಲ. ನಾಯಕನು ಒಂದು ತಿಂಗಳಲ್ಲಿ ಈ ಹುಡುಗಿಯನ್ನು ಒಪ್ಪಿಸುತ್ತೇನೆಂದು ಗೆಳೆಯರೊಡನೆ ಪಂಥ ಕಟ್ಟಿ, ತಾನು ಹಡಗಿನ ಎಂಜಿನಿಯರ್ ಎಂದು ಸುಳ್ಳು ಹೇಳಿಕೊಂಡು ಅವಳ ಮನೆಗೆ ಬರುತ್ತಾನೆ. ಅವಳಿಗಾಗಲೇ ಒಬ್ಬ ಬ್ಯಾಂಕ್ ಗುಮಾಸ್ತನೊಡನೆ ನಿಶ್ಚಿತಾರ್ಥವಾಗಿದೆ. ಆ ಗುಮಾಸ್ತ ಕರವಸ್ತ್ರವನ್ನೂ ಇಸ್ತ್ರಿ ಮಾಡಿ ಮಡಿಸಿಟ್ಟುಕೊಳ್ಳುವವನು. ಚಿತ್ರದುದ್ದಕ್ಕೂ ಅದೇ ಒಂದು ನಗೆಯ ಸರಕು. ಕೊನೆಗೆ ಇಗರ್ಜಿಯಲ್ಲಿ, ಪೀಠದ ಎದುರಿನಿಂದಲೇ, ವಧು ನಾಯಕನ ಕೈ ಹಿಡಿದು ಓಡಿಹೋಗುತ್ತಾಳೆ, ಬಂದ ನೆಂಟರೆಲ್ಲ ಚಪ್ಪಾಳೆ ತಟ್ಟುತ್ತಾರೆ. ನಾನೂ ನಕ್ಕೆ ಎಂಬುದನ್ನು ಮುಚ್ಚಿಡುವುದಿಲ್ಲ.

ಕ್ರೈಸ್ತ ದೃಷ್ಟಿಯಿಂದ ಇಂಥ ಚಿತ್ರವನ್ನು ತೂಗುವುದು ಹೇಗೆ? ನನ್ನ ನೋಟ್‌ಬುಕ್ಕಿನ ಲೆಕ್ಕ ಸರಿಯಾದ ಲೆಕ್ಕವೇ?

ಉತ್ತರ 1 (ಹೊನ್ನಾವರ, ನಿವೃತ್ತ ಮಾಸ್ತರ)

ಅಕ್ಕೋರೇ, ಮೊದಲು ಪ್ರಮಾಣಪತ್ರದ ಮಾತನ್ನು ಬದಿಗಿಡಿ. 2023ರ ತಿದ್ದುಪಡಿಯ ನಂತರ ಯುಎ ಎಂಬುದು 7, 13, 16 ಎಂದು ಮೂರು ಭಾಗವಾಗಿದೆ. ಯಾವ ವಯಸ್ಸಿನ ಮಕ್ಕಳಿಗೆ ಹಿರಿಯರ ಮಾರ್ಗದರ್ಶನ ಬೇಕು ಎಂಬುದನ್ನಷ್ಟೇ ಅದು ಸೂಚಿಸುತ್ತದೆ. ಚಿತ್ರ ಒಳ್ಳೆಯದೋ ಕೆಟ್ಟದ್ದೋ ಎಂಬ ತೀರ್ಪು ಅದರಲ್ಲಿಲ್ಲ.

ಬೈಬಲಿನಲ್ಲಿ ಫಿಲಿಪ್ಪಿಯವರಿಗೆ ಬರೆದ ಪತ್ರದ 4ನೆಯ ಅಧ್ಯಾಯದ 8ನೆಯ ವಚನದಲ್ಲಿ ಯಾವುದು ಸತ್ಯವೋ, ಮಾನ್ಯವೋ, ಶುದ್ಧವೋ ಅದನ್ನೇ ಮನಸ್ಸಿನಲ್ಲಿಡಿ ಎಂದು ಪೌಲನು ಹೇಳುತ್ತಾನೆ. ಎಫೆಸದವರಿಗೆ ಬರೆದ ಪತ್ರದ 5:4ರಲ್ಲಿ ಹೊಲಸು ಮಾತಿನ ಜೊತೆಗೆ ಕುಚೋದ್ಯವೂ ಬೇಡವೆನ್ನುತ್ತಾನೆ. ಇಷ್ಟು ಸ್ಪಷ್ಟವಾಗಿರುವಾಗ ಎರಡು ದ್ವಂದ್ವಾರ್ಥ ಕಡಿಮೆಯಾಯಿತೋ ಹೆಚ್ಚಾಯಿತೋ ಎಂದು ಚೌಕಾಶಿ ಮಾಡುವುದು ಸರಿಯಲ್ಲ. ಇನ್ನೊಂದು ಮಾತು. ಇಂಥ ಚಿತ್ರಗಳಲ್ಲಿ ಕ್ರೈಸ್ತ ಅಂಕಲ್ ಎಂದರೆ ಕೈಯಲ್ಲಿ ಬಾಟಲಿ ಇರಲೇಬೇಕು, ಪಾದ್ರಿ ಎಂದರೆ ಪೆದ್ದ. ನಮ್ಮ ಮಕ್ಕಳಿಗೆ ಅದನ್ನು ನಾವೇ ಪರದೆ ಕಟ್ಟಿ ತೋರಿಸಬೇಕೆ?

ಉತ್ತರ 2 (ಅಂಕೋಲಾ, ಕೆಲವು ವರ್ಷ ದೈವಶಾಸ್ತ್ರ ಓದಿದವನು)

ಮಾಸ್ತರರು ಎಫೆಸ 5:4 ಎತ್ತಿದ್ದು ಒಳ್ಳೆಯದೇ ಆಯಿತು, ಏಕೆಂದರೆ ಆ ವಚನಕ್ಕೆ ಒಂದು ಸ್ವಾರಸ್ಯಕರವಾದ ಹಿನ್ನೆಲೆಯಿದೆ. ಅಲ್ಲಿ ಕುಚೋದ್ಯ ಎಂದು ನಾವು ಓದುವ ಕಡೆ ಮೂಲ ಗ್ರೀಕಿನಲ್ಲಿರುವ ಪದ ‘ಯೂಟ್ರಪೀಲಿಯ’. ಅದೇ ಪದವನ್ನು ಅರಿಸ್ಟಾಟಲನು ಸದ್ಗುಣವೊಂದರ ಹೆಸರಾಗಿ, ಹಿತಮಿತವಾದ ವಿನೋದ ಎಂಬ ಅರ್ಥದಲ್ಲಿ ಬಳಸಿದ್ದನು. 13ನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರು ತಮ್ಮ ದೈವಶಾಸ್ತ್ರದ ಮಹಾಗ್ರಂಥದಲ್ಲಿ, ಎರಡನೆಯ ಭಾಗದ ದ್ವಿತೀಯಾರ್ಧದ 168ನೆಯ ಪ್ರಶ್ನೆಯಲ್ಲಿ, ಆ ಸದ್ಗುಣವನ್ನೇ ಎತ್ತಿಕೊಂಡು, ದೇಹಕ್ಕೆ ವಿಶ್ರಾಂತಿ ಬೇಕಾದಂತೆ ಮನಸ್ಸಿಗೆ ವಿನೋದ ಬೇಕು ಎನ್ನುತ್ತಾರೆ. ತಾನೂ ನಗದೆ ನಗುವವರನ್ನೂ ಸಹಿಸದೆ ಇರುವುದು ದೋಷ ಎಂದೂ ಅಲ್ಲಿಯೇ ಹೇಳಿದ್ದಾರೆ. (ಇದು ಮಾಸ್ತರರಿಗೆ ಹೇಳಿದ್ದಲ್ಲ.)

ಆದರೆ ಅವರು ವಿನೋದಕ್ಕೆ ಮೂರು ಎಚ್ಚರಿಕೆಗಳನ್ನು ಕೊಡುತ್ತಾರೆ. ಕಾಲ, ಸ್ಥಳ, ವ್ಯಕ್ತಿಗೆ ತಕ್ಕದ್ದಾಗಿರಬೇಕು ಎಂಬುದು ಒಂದು. ಮನಸ್ಸಿನ ಗಾಂಭೀರ್ಯ ಪೂರ್ತಿ ಸಡಿಲವಾಗಬಾರದು ಎಂಬುದು ಇನ್ನೊಂದು. ಇವೆರಡಕ್ಕಿಂತ ಮೊದಲು, ಎಲ್ಲಕ್ಕೂ ಮುಖ್ಯವಾದದ್ದೆಂದು ಅವರು ಹೇಳುವುದೇ ನಿಮ್ಮ ಪ್ರಶ್ನೆಗೆ ಉತ್ತರ: ಅಸಭ್ಯವಾದ ಅಥವಾ ಹಾನಿ ಮಾಡುವ ಮಾತಿನಲ್ಲಿ, ಕೃತಿಯಲ್ಲಿ ಸಂತೋಷವನ್ನು ಹುಡುಕಬಾರದು. ಅಸಭ್ಯತೆ ಮತ್ತು ಹಾನಿ ಎರಡನ್ನೂ ಅವರು ಒಂದೇ ಉಸಿರಿನಲ್ಲಿ ಹೇಳಿದ್ದಾರೆ. ನಿಮ್ಮ ನೋಟ್‌ಬುಕ್ಕಿನಲ್ಲಿ ಮೊದಲನೆಯದರ ಪಟ್ಟಿ ಮಾತ್ರ ಇದೆ. ಎರಡನೆಯದಕ್ಕೆ ಅಂಕಣವನ್ನೇ ಹಾಕಿಲ್ಲ.

ಅದು ನಿಮ್ಮೊಬ್ಬರ ತಪ್ಪೂ ಅಲ್ಲ. ಹನ್ನೊಂದನೆಯ ಪಯಸ್ ಜಗದ್ಗುರುಗಳು (ಪೋಪ್) 1936ರಲ್ಲಿ ಚಲನಚಿತ್ರಗಳ ಬಗ್ಗೆ ವಿಶ್ವಪತ್ರ (ಧರ್ಮಸಭೆಗೆ ಬರೆಯುವ ಅಧಿಕೃತ ಪತ್ರ) ಬರೆದು, ಯಾವ ಚಿತ್ರ ಯಾರಿಗೆ ತಕ್ಕದ್ದು ಎಂದು ಜನರಿಗೆ ತಿಳಿಸುವ ಪಟ್ಟಿಗಳು ಪ್ರತಿ ದೇಶದಲ್ಲೂ ಬರಲಿ ಎಂದು ಬಯಸಿದರು. ಪಟ್ಟಿ ಮಾಡುವವರಿಗೆ ಕಣ್ಣಿಗೆ ಕಾಣುವುದನ್ನು ಎಣಿಸುವುದು ಯಾವಾಗಲೂ ಸುಲಭ. ಮುತ್ತನ್ನು ಎಣಿಸಬಹುದು, ಪಂಥ ಕಟ್ಟಿ ಒಬ್ಬ ಹೆಣ್ಣುಮಗಳ ನಂಬಿಕೆಯನ್ನು ಗೆದ್ದವನ ಸುಳ್ಳು ಚಿತ್ರದ ತುಂಬ ಹರಡಿಕೊಂಡಿರುವುದರಿಂದ ಅದು ಎಣಿಕೆಗೆ ಸಿಗುವುದಿಲ್ಲ.

ಉತ್ತರ 3 (ಶಿರಸಿ)

ನಾನು ಮತ್ತು ನನ್ನ ಯಜಮಾನರು ಮದುವೆಗೆ ಸಿದ್ಧರಾಗುವ ಜೋಡಿಗಳಿಗೆ ಶಿಬಿರದಲ್ಲಿ ಪಾಠ ಹೇಳುತ್ತೇವೆ. ಅಂಕೋಲೆಯವರು ಹೇಳಿದ ಹಾನಿ ಎಂಬ ಮಾತನ್ನು ನಾನು ಇನ್ನಷ್ಟು ಹತ್ತಿರದಿಂದ ಹೇಳಬಲ್ಲೆ.

ಚಿತ್ರದಲ್ಲಿ ನಗೆಗೆ ಕಾರಣವಾಗುವ ಸುಳ್ಳು ನಮ್ಮ ಧರ್ಮಸಭೆಯ ಕಾನೂನಿನಲ್ಲಿ ಮದುವೆಯನ್ನೇ ಅಸಿಂಧುವಾಗಿಸಬಲ್ಲ ಸಂಗತಿ. 1983ರ ಸಂಹಿತೆಯ 1098ನೆಯ ನಿಯಮದ ಪ್ರಕಾರ, ದಾಂಪತ್ಯ ಜೀವನವನ್ನು ಗಂಭೀರವಾಗಿ ಕದಡಬಲ್ಲ ಒಂದು ಗುಣದ ವಿಷಯದಲ್ಲಿ, ಒಪ್ಪಿಗೆ ಪಡೆಯುವುದಕ್ಕಾಗಿಯೇ ಮೋಸ ಮಾಡಿದ್ದರೆ, ಆ ಮೋಸಕ್ಕೆ ಸಿಕ್ಕು ಕೊಟ್ಟ ಒಪ್ಪಿಗೆಯಿಂದ ಮದುವೆ ಆಗುವುದಿಲ್ಲ. ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎಂಬುದು ಯೇಸುಸ್ವಾಮಿಯ ಮಾತು. ಮದುವೆಯೆಂಬ ಸಂಸ್ಕಾರ ನಿಂತಿರುವುದೇ ಇಬ್ಬರು ಹೇಳುವ ಆ ಹೌದಿನ ಮೇಲೆ. ಮೂರು ಭಾನುವಾರ ಪೂಜೆಯ ಕೊನೆಗೆ ಜೋಡಿಯ ಹೆಸರು ಓದಿ, ಅಡ್ಡಿಯಿದ್ದರೆ ತಿಳಿಸಿ ಎಂದು ಇಡೀ ಊರನ್ನು ಕೇಳುವ ಪದ್ಧತಿ ಬಂದದ್ದು ಯಾರನ್ನೂ ಕತ್ತಲಲ್ಲಿಟ್ಟು ಮದುವೆ ಆಗಬಾರದೆಂದೇ.

ಅದೇ ಕಾರಣಕ್ಕೆ ವಧು ಓಡಿಹೋದದ್ದರ ಬಗ್ಗೆ ನನಗೆ ಅಷ್ಟು ಕೋಪವಿಲ್ಲ, ಮಾಸ್ತರರು ಬೇಸರಿಸಬಾರದು. ಮನಸ್ಸಿಲ್ಲದೆ ಪೀಠದ ಮುಂದೆ ಹೌದು ಎನ್ನುವುದಕ್ಕಿಂತ ಅಲ್ಲ ಎನ್ನುವುದೇ ಮೇಲು. ಆದರೆ ಅವಳು ಆ ಗುಮಾಸ್ತನಿಗೆ ಒಂದು ಮಾತಾದರೂ ಹೇಳಿದಳೇ? ಮದುವೆಯ ಮುನ್ನಿನ ರೋಸ್ ಶಾಸ್ತ್ರ ಆಗಿದೆ, ಅವನ ಮೈಗೆ ತೆಂಗಿನ ಹಾಲು ಹಚ್ಚಿದ್ದಾರೆ, ಅಡುಗೆಯವರಿಗೆ ಮುಂಗಡ ಕೊಟ್ಟಾಗಿದೆ, ಮುಂಬಯಿಯಿಂದ ನೆಂಟರು ಬಂದಿದ್ದಾರೆ. ಇಷ್ಟೆಲ್ಲ ಆದ ಮೇಲೆ ಅವನನ್ನು ನಿಂತಲ್ಲೇ ಬಿಟ್ಟುಹೋದದ್ದನ್ನು ನಗೆಯಾಗಿಸಬೇಕಾದರೆ ಅವನು ಮನುಷ್ಯನಲ್ಲ ಎಂದು ನೋಡುವವರಿಗೆ ಮೊದಲೇ ನಂಬಿಸಬೇಕು. ಇಸ್ತ್ರಿ ಮಾಡಿದ ಕರವಸ್ತ್ರ ಇರುವುದು ಅದಕ್ಕೇ.

ಉತ್ತರ 4 (ಕುಮಟಾ)

ನಾನು ಕ್ರೈಸ್ತನಲ್ಲ, ಯಕ್ಷಗಾನದ ಹುಚ್ಚಿನವನು. ನಮ್ಮ ಬಡಗಿನ ಆಟದಲ್ಲಿ ಹಾಸ್ಯಗಾರ ದೂತನಾಗಿಯೋ ಬಾಗಿಲ ಕಾವಲುಗಾರನಾಗಿಯೋ ಬಂದು ರಾಜನನ್ನೇ ಕೆಣಕುತ್ತಾನೆ. ನಗೆ ಮೇಲಕ್ಕೆ ಏರಿದರೆ ಚಂದ. ಅಕ್ಕೋರು ಹೇಳಿದ ಚಿತ್ರದಲ್ಲಿ ಅದು ಪಾಪದ ಗುಮಾಸ್ತನ ತಲೆಯ ಮೇಲೆ ಇಳಿಯುತ್ತಿದೆ. ನನಗೆ ತೋಚಿದ್ದು ಇಷ್ಟೇ.

ಉತ್ತರ 5 (ಅಂಕೋಲಾ, ಮತ್ತೆ)

ಒಂದು ಮಾತು ಸೇರಿಸುತ್ತೇನೆ. ಸುಳ್ಳು ಬಯಲಾದ ಮೇಲೆ ನಾಯಕ ಮಳೆಯಲ್ಲಿ ನೆನೆಯುತ್ತ ಹಾಡಿ ಕ್ಷಮೆ ಕೇಳಿರಬೇಕು, ಅಲ್ಲವೇ? ಪಾಪನಿವೇದನೆಯಲ್ಲಿ ನಾವು ಪಶ್ಚಾತ್ತಾಪಪಡುತ್ತೇವೆ, ಬಾಯಿಬಿಟ್ಟು ಹೇಳುತ್ತೇವೆ, ಆಮೇಲೆ ಪ್ರಾಯಶ್ಚಿತ್ತವನ್ನೂ ಮಾಡುತ್ತೇವೆ. ಇಂಥ ಚಿತ್ರಗಳಲ್ಲಿ ಮೊದಲೆರಡು ಒಂದೇ ಹಾಡಿನಲ್ಲಿ ಮುಗಿಯುತ್ತವೆ, ಮೂರನೆಯದರ ಸುದ್ದಿಯೇ ಇರುವುದಿಲ್ಲ. ಹಾಗೆಂದು ನಾನು ಚಿತ್ರ ಬೇಡವೆನ್ನುವುದಿಲ್ಲ. ಮಕ್ಕಳು ಹೇಗೂ ಮೊಬೈಲಿನಲ್ಲಿ ನೋಡಿಯೇ ನೋಡುತ್ತಾರೆ; ನಿಮ್ಮ ಜೊತೆ ಕುಳಿತು ನೋಡಿದರೆ ಮಾತಾಡಲು ಒಬ್ಬರು ಇರುತ್ತಾರೆ.

ಪ್ರಶ್ನೆ ಕೇಳಿದವರಿಂದ (ಕೋಡಿಬಾಗ)

ಎಲ್ಲರಿಗೂ ಕೃತಜ್ಞತೆಗಳು. ಮಳೆಯಲ್ಲಿ ನೆನೆದು ಹಾಡುವ ದೃಶ್ಯ ಇದ್ದೇ ಇದೆ. ಅಂಕೋಲೆಯವರು ನೋಡದೆಯೇ ಹೇಳಿಬಿಟ್ಟರು. ನಮ್ಮ ಪಾದ್ರಿಯವರಿಗೆ ಈ ಉತ್ತರಗಳನ್ನೆಲ್ಲ ಓದಿ ಹೇಳಿ, ಅವರ ಒಪ್ಪಿಗೆ ಪಡೆದು, ಮಾಸ್ತರರ ಮಾತಿಗೆ ಬೆಲೆಕೊಟ್ಟು ಆ ಎರಡು ದ್ವಂದ್ವಾರ್ಥಗಳನ್ನು ಹಾರಿಸಿ, ನಿನ್ನೆ ಚಿತ್ರ ತೋರಿಸಿದೆ. ನೋಟ್‌ಬುಕ್ಕಿನಲ್ಲಿ ಹೊಸದೊಂದು ಅಂಕಣ ಹಾಕಿಕೊಂಡಿದ್ದೆ: ಈ ನಗೆಯಿಂದ ಯಾರಿಗೆ ನೋವು?

ಇಗರ್ಜಿಯ ದೃಶ್ಯದಲ್ಲಿ ಮಕ್ಕಳು ಶಿಳ್ಳೆ ಹಾಕುತ್ತಿದ್ದಾಗ ನಾನು ಚಿತ್ರವನ್ನು ನಿಲ್ಲಿಸಿದೆ. ಗುಮಾಸ್ತ ಪೀಠದ ಬಳಿ ಒಬ್ಬನೇ ನಿಂತು ಆ ಕರವಸ್ತ್ರದಿಂದ ಕನ್ನಡಕ ಒರೆಸಿಕೊಳ್ಳುವ ಒಂದೇ ಒಂದು ಚಿತ್ರಿಕೆ ಅಲ್ಲಿದೆ. ಪರದೆಯ ಮೇಲೆ ಅದೇ ನಿಂತಿತು. ಏನು ಕೇಳಬೇಕೆಂದು ನಾನು ಯೋಚಿಸುತ್ತಿರುವಾಗಲೇ ಹಿಂದಿನ ಸಾಲಿನ ಹುಡುಗಿಯೊಬ್ಬಳು, ಅಷ್ಟು ಹೊತ್ತೂ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು, ಕೇಳಿದಳು: “ಅಕ್ಕೋರೇ, ಅವನ ಅಮ್ಮ ಯಾವ ಬೆಂಚಿನಲ್ಲಿ ಕೂತಿದ್ದಾರೆ? ಎಲ್ಲೂ ತೋರಿಸಲೇ ಇಲ್ಲವಲ್ಲ.”

ಆಮೇಲೆ ಮುಕ್ಕಾಲು ಗಂಟೆ ಅವರೇ ಮಾತಾಡಿದರು. ಕೊನೆಯ ಹತ್ತು ನಿಮಿಷ ನೋಡುವುದು ಉಳಿದುಬಿಟ್ಟಿತು. ಮುಂದಿನ ಭಾನುವಾರ ತೋರಿಸಬೇಕು.