ಪದಚರ್ಚೆ: ಕೌಂಟಿಗೆ 'ಜಿಲ್ಲೆ' ಅನ್ನಬಹುದಾ? 'ಸೂಚನೆ' ಅಂದ್ರೆ ಹುಕುಮ್ಮಾ, ಬುದ್ಧಿಮಾತಾ?

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಿದೆ, ಪುರುಸೊತ್ತಾದಾಗ ಓದಿ.

ನಾನಿರೋದು ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ಕೌಂಟಿಲಿ, ಸ್ಯಾನ್ ಹೋಸೆ, ಸನಿವೇಲ್, ಕುಪರ್ಟಿನೋ ಎಲ್ಲಾ ಇದರೊಳಗೇ. ಇಲ್ಲಿಯ ಆರೋಗ್ಯ ಇಲಾಖೆ ಹೊರಡಿಸೋ ಮುಖ್ಯವಾದ ಸುದ್ದಿಗಳು ಇಂಗ್ಲಿಷ್ ಜೊತೆ ಸ್ಪ್ಯಾನಿಶ್, ವಿಯೆಟ್ನಾಮೀಸ್, ಚೈನೀಸ್, ಟಗಾಲಾಗ್‌ನಲ್ಲೂ ಸಿಗತ್ತೆ, ಕನ್ನಡದಲ್ಲಿ ಕೇಳೋರಿಲ್ಲ. ಹಾಗಾಗಿ ಊರಿಂದ ಬಂದು ಮಕ್ಕಳ ಮನೇಲಿರೋ ಹಿರಿಯರ ವಾಟ್ಸಾಪ್ ಗುಂಪಿಗೆ ನಾನೇ ನಾಕು ಸಾಲು ಕನ್ನಡದಲ್ಲಿ ಬರೆದು ಹಾಕ್ತೀನಿ. ಬರೀವಾಗ ಕೆಲವು ಪದಗಳ ಹತ್ರ ಕೈ ನಿಂತುಬಿಡತ್ತೆ, ಅದನ್ನೇ ಕೇಳೋಣ ಅಂತ.

ಮೊದಲ್ನೇದು ಕೌಂಟಿ. ನಮ್ಮಲ್ಲಿ ಈ ಪದ ಕೇಳಿರೋದೇ ಕ್ರಿಕೆಟ್ಟಿಂದ, 1995ರಲ್ಲಿ ಕುಂಬ್ಳೆ ನಾರ್ಥಾಂಪ್ಟನ್‌ಶೈರ್‌ಗೆ ಆಡಿ ಒಂದೇ ಸೀಸನ್ನಲ್ಲಿ ನೂರರ ಮೇಲೆ ವಿಕೆಟ್ ತೆಗೆದ್ರು, 2000ದಲ್ಲಿ ದ್ರಾವಿಡ್ ಕೆಂಟ್‌ಗೆ ಹೋದ್ರು, ಅಲ್ಲಿಗೆ ಮುಗೀತು. ಈಚೆಗೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೂ ಕೌಂಟಿ ಅಂತ ಹೆಸರಿಡ್ತಾರೆ ಬಿಡಿ. ಸುಲಭಕ್ಕೆ 'ಜಿಲ್ಲೆ' ಅಂತ ಬರೆದ್ರೆ ಹಿರಿಯರ ಮೊದಲ ಪ್ರಶ್ನೆ 'ಇಲ್ಲಿ ಡಿಸಿ ಯಾರು?' ಡಿಸಿ ಅಂತ ಯಾರೂ ಇಲ್ಲ. ಐದು ಜನ ಆಯ್ಕೆಯಾದ ಸೂಪರ್‌ವೈಸರ್‌ಗಳ ಮಂಡಳಿ ಇರತ್ತೆ, ಅವರು ನೇಮಿಸಿದ ಒಬ್ಬ ಎಕ್ಸಿಕ್ಯೂಟಿವ್ ಆಡಳಿತ ನೋಡ್ಕೋತಾರೆ. 2020ರ ಜನಗಣತಿ ಪ್ರಕಾರ 19 ಲಕ್ಷಕ್ಕೂ ಹೆಚ್ಚು ಜನ ಇರೋ ಕೌಂಟಿ ಇದು, ಅಂದ್ರೆ ಒಬ್ಬೊಬ್ಬ ಸೂಪರ್‌ವೈಸರ್ ಹಿಂದೆ ಹತ್ತಿರತ್ತಿರ ನಾಲ್ಕು ಲಕ್ಷ ಜನ. ಆದ್ರೆ 'ಸೂಪರ್‌ವೈಸರ್‌ಗಳ ಮಂಡಳಿ ತೀರ್ಮಾನ' ಅಂತ ಹಾಕಿದಾಗ ಒಬ್ರು ಯಜಮಾನ್ರು 'ಯಾವ ಫ್ಯಾಕ್ಟ್ರಿದಪ್ಪಾ?' ಅಂತ ಕೇಳಿದ್ರು. ಅವರದ್ದೇನೂ ತಪ್ಪಿಲ್ಲ, ನಮ್ಮ ಕಡೆ ಸೂಪರ್‌ವೈಸರ್ ಅಂದ್ರೆ ಗಾರ್ಮೆಂಟ್ಸಲ್ಲೋ ಬಿಲ್ಡಿಂಗ್ ಕೆಲಸದಲ್ಲೋ ನಿಂತು ಕೆಲಸ ತೆಗೆಸೋನು ತಾನೇ. ಈಗ 'ಕೌಂಟಿಯ ಚುನಾಯಿತ ಸದಸ್ಯರು' ಅಂತೀನಿ, ಜಿಲ್ಲಾ ಪಂಚಾಯ್ತಿ ಮೆಂಬರ್ ಥರ ಅಂತ ಅವರೇ ಅರ್ಥ ಮಾಡ್ಕೋತಾರೆ. ಪೂರ್ತಿ ಸರಿಯಲ್ಲ ಆದ್ರೂ ಫ್ಯಾಕ್ಟ್ರಿಗಿಂತ ವಾಸಿ.

ಜಿಲ್ಲೆ ಅನ್ನೋದಕ್ಕೆ ಇನ್ನೊಂದು ತೊಡಕಿದೆ. ಆ ಐದೂ ಜನರ ಕ್ಷೇತ್ರಗಳಿಗೆ ಇಲ್ಲಿ ಡಿಸ್ಟ್ರಿಕ್ಟ್ ಅಂತಾರೆ, ಸ್ಕೂಲ್ ಡಿಸ್ಟ್ರಿಕ್ಟ್ ಬೇರೆ, ನೀರಿಗೆ ಬೇರೆ, ಸೊಳ್ಳೆ ಇಲಿ ನೋಡ್ಕೊಳ್ಳೋದಕ್ಕೂ ವೆಕ್ಟರ್ ಕಂಟ್ರೋಲ್ ಡಿಸ್ಟ್ರಿಕ್ಟ್ ಅಂತಲೇ ಹೆಸರು. ಎಲ್ಲಾದಕ್ಕೂ ಜಿಲ್ಲೆ ಅಂತ ಹೋದ್ರೆ ಜಿಲ್ಲೆಯೊಳಗೆ ಜಿಲ್ಲೆ, ಅದರೊಳಗೆ ಸೊಳ್ಳೆ ಜಿಲ್ಲೆ! ಅದಕ್ಕೇ ನಾನು ಕೌಂಟಿನ ಕೌಂಟಿ ಅಂತಲೇ ಬಿಟ್ಟಿದೀನಿ, ತಾಲ್ಲೂಕು, ಜಿಲ್ಲೆ ಎರಡೂ ಪದ ಹೊರಗಿಂದ ಬಂದು ನಮ್ಮದಾಗ್ಲಿಲ್ವಾ, ಇದೂ ಆಗ್ಲಿ. ಯಾರಿಗಾದ್ರೂ ತಕರಾರಿದ್ರೆ ಹೇಳಿ.

ಆದ್ರೆ ನನಗೆ ನಿಜವಾಗ್ಲೂ ತಲೆನೋವಾಗಿರೋದು ಇದಲ್ಲ, 'ಸೂಚನೆ'. ಕೌಂಟಿಯಿಂದ ಬರೋದ್ರಲ್ಲಿ ಆರ್ಡರ್ ಬೇರೆ, ಅಡ್ವೈಸರಿ ಬೇರೆ. ಆರ್ಡರ್ ಮೀರಿದ್ರೆ ಕಾನೂನು ಪ್ರಕಾರ ಅಪರಾಧ, ಅಡ್ವೈಸರಿ ಮೀರಿದ್ರೆ ನಿಮ್ಮ ಇಷ್ಟ ನಿಮ್ಮ ಹಣೇಬರಹ. ನಮ್ಮ ಪತ್ರಿಕೆ ಕನ್ನಡದಲ್ಲಿ ಎರಡಕ್ಕೂ 'ಸೂಚನೆ'ನೇ! 'ಅಧಿಕಾರಿಗಳಿಗೆ ಸಚಿವರ ಸೂಚನೆ' ಅಂದ್ರೆ ಅದು ಹುಕುಂ, ಮಾಡದಿದ್ರೆ ಸಸ್ಪೆಂಡು. 'ಮಳೆಯ ಸೂಚನೆ' ಅಂದ್ರೆ ಬರಬಹುದು, ಬರದೇನೂ ಇರಬಹುದು. ಪ್ರಶ್ನೆಪತ್ರಿಕೆ ಮೇಲಿರೋ 'ಸೂಚನೆಗಳು' ಯಾರೂ ಓದಲ್ಲ. ಈ ಮೂರರಲ್ಲಿ ಯಾವ ಸೂಚನೆ ಅಂತ ಓದುಗ ಹೇಗೆ ತಿಳ್ಕೋಬೇಕು? ಉದಾಹರಣೆಗೆ 2023ರ ಚಳಿಗಾಲಕ್ಕೆ ಇಲ್ಲಿ ಬಂದದ್ದು ಆರ್ಡರ್ರೇ, ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಆಸ್ಪತ್ರೆ ಕ್ಲಿನಿಕ್‌ಗಳಲ್ಲಿ ರೋಗಿಗಳನ್ನ ನೋಡೋ ಜಾಗದಲ್ಲಿ ಮಾಸ್ಕ್ ಹಾಕ್ಲೇಬೇಕು ಅಂತ. ಅಂಗಡೀಲಿ ಹಾಕಿದ್ರೆ ಒಳ್ಳೇದು ಅನ್ನೋದು ಬರೀ ಬುದ್ಧಿಮಾತು. ಎರಡನ್ನೂ 'ಸೂಚಿಸಿದೆ' ಅಂತ ಬರೆದುಬಿಟ್ರೆ ವ್ಯತ್ಯಾಸವೇ ಉಳಿಯಲ್ಲ.

'ಶಿಫಾರಸು' ಬಳಸಿ ಅಂತ ಸ್ನೇಹಿತರೊಬ್ರು ಅಂದ್ರು. ಬ್ಯಾಡ್ವೇ ಬ್ಯಾಡ. ಶಿಫಾರಸು ಅಂದ್ರೆ ಎಮ್ಮೆಲ್ಲೆ ಹತ್ರ ಲೆಟರ್ ತಂದು ಸೀಟು ಹಿಡಿಯೋದು. 'ಕೌಂಟಿ ಲಸಿಕೆಗೆ ಬಲವಾಗಿ ಶಿಫಾರಸು ಮಾಡಿದೆ' ಅಂತ ಓದಿದೋರು ಲಸಿಕೆಗೂ ವಶೀಲಿ ಬೇಕಾ ಅಂದ್ಕೋತಾರೆ. 'ತಾಕೀತು' ನನಗೆ ಇಷ್ಟದ ಪದ, ಆದ್ರೆ ಅದ್ರಲ್ಲಿ ಗದರೋ ದನಿ ಇದೆ, ಮೇಷ್ಟ್ರು ಹುಡುಗರಿಗೆ ತಾಕೀತು ಮಾಡಬಹುದು, ಡಾಕ್ಟ್ರು ಊರಿಗೆಲ್ಲಾ ತಾಕೀತು ಮಾಡಿದ್ರೆ ಹೇಗೋ ಅನ್ಸತ್ತೆ. ಕೊನೆಗೆ ಸುಲಭದ ದಾರಿ ಹಿಡ್ದೆ, ಮೊದಲ ಸಾಲಲ್ಲೇ 'ಇದು ಕಡ್ಡಾಯ' ಇಲ್ಲಾ 'ಕಡ್ಡಾಯ ಅಲ್ಲ, ಮಾಡಿದ್ರೆ ಒಳ್ಳೇದು'. ಕಡ್ಡಾಯ ಅನ್ನೋ ಪದಕ್ಕೆ ಹೆಲ್ಮೆಟ್ ದಯದಿಂದ ಇಡೀ ಕರ್ನಾಟಕದಲ್ಲಿ ಒಂದೇ ಅರ್ಥ.

ಆರ್ಡರ್ ಹೊರಡಿಸೋದು ಯಾರು ಅನ್ನೋದೂ ಗೊಂದಲ. ಇಲ್ಲಿ ಕೌಂಟಿ ಹೆಲ್ತ್ ಆಫೀಸರ್ ಡಾಕ್ಟರ್ ಆಗಿರ್ಲೇಬೇಕು, ಸೋಂಕುರೋಗ ತಡೆಯೋಕೆ ಅವರೇ ನೇರವಾಗಿ ಆರ್ಡರ್ ಹೊರಡಿಸಬಹುದು. ಕೋವಿಡ್ ಶುರುವಾದಾಗ, 2020ರ ಮಾರ್ಚ್ 16ಕ್ಕೆ, ಆಗ ನಮ್ಮ ಕೌಂಟಿ ಹೆಲ್ತ್ ಆಫೀಸರ್ ಆಗಿದ್ದ ಸಾರಾ ಕೋಡಿ ಮತ್ತೆ ಸುತ್ತಲಿನ ಕೌಂಟಿಗಳ ಹೆಲ್ತ್ ಆಫೀಸರ್‌ಗಳು ಸೇರಿ, ಒಟ್ಟು ಆರು ಕೌಂಟಿ ಜೊತೆಗೆ ಬರ್ಕ್ಲಿ ಸಿಟಿ (ಅದಕ್ಕೆ ಸ್ವಂತ ಆರೋಗ್ಯ ಇಲಾಖೆ ಇದೆ), ಮನೇಲೇ ಇರಿ ಅಂತ ಆರ್ಡರ್ ಮಾಡಿದ್ರು, ದೇಶದಲ್ಲೇ ಮೊದಲ್ನೇದು. ನಮ್ಮ ಕಡೆ ಜಿಲ್ಲಾ ಆರೋಗ್ಯಾಧಿಕಾರಿ ವರದಿ ಕೊಡ್ತಾರೆ, ಆದೇಶಕ್ಕೆ ಸಹಿ ಡಿಸಿದು. ಅದಕ್ಕೆ 'ಆರೋಗ್ಯಾಧಿಕಾರಿ ಆದೇಶ' ಅಂತ ಓದಿದ ಹಿರಿಯರಿಗೆ ಕಣ್ಮುಂದೆ ಬರೋದು ಮುನಿಸಿಪಾಲ್ಟಿ ಹೆಲ್ತ್ ಇನ್ಸ್‌ಪೆಕ್ಟ್ರು, ಹೋಟ್ಲಿಗೆ ಬಂದು ಅಡುಗೆಮನೆ ಇಣುಕಿ ಕಾಫಿ ಕುಡಿದು ಹೋಗೋರು. 'ಮುಖ್ಯ ವೈದ್ಯಾಧಿಕಾರಿ' ಅಂದ್ರೆ ಸ್ವಲ್ಪ ತೂಕ ಬರತ್ತಾ? ಆದ್ರೆ ಅದು ಆಸ್ಪತ್ರೆ ಹುದ್ದೆ ಅನ್ಸತ್ತೆ. ಇದಕ್ಕೆ ನನ್ ಹತ್ರ ಉತ್ತರ ಇಲ್ಲ.

ಆಗಿನ 'ಶೆಲ್ಟರ್ ಇನ್ ಪ್ಲೇಸ್' ಅನ್ನೋದನ್ನ ಯಂತ್ರಕ್ಕೆ ಕೊಟ್ರೆ 'ಸ್ಥಳದಲ್ಲಿ ಆಶ್ರಯ' ಅನ್ನತ್ತೆ, ನೆರೆ ಸಂತ್ರಸ್ತರ ಗಂಜಿಕೇಂದ್ರ ಇದ್ದಂಗೆ. 'ಇದ್ದಲ್ಲೇ ಇರಿ' ಅಂದ್ರೆ ಮುಗೀತು.

ಮುಂದಿನದು ದಡಾರ, ಇಂಗ್ಲಿಷಲ್ಲಿ ಮೀಸಲ್ಸ್. ಯಾರೋ ಒಬ್ರಿಗೆ ದಡಾರ ಬಂದಿದ್ರೆ ಅವರು ಯಾವ ಯಾವ ಅಂಗಡಿ, ಯಾವ ಏರ್‌ಪೋರ್ಟು, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಇದ್ರು ಅಂತ ಕೌಂಟಿ ಪಟ್ಟಿ ಹಾಕತ್ತೆ, ಯಾಕಂದ್ರೆ ಆ ಮನುಷ್ಯ ಎದ್ದು ಹೋದ್ಮೇಲೂ ವೈರಸ್ಸು ಎರಡು ಗಂಟೆವರೆಗೂ ಗಾಳೀಲಿರಬಹುದು, ತಗುಲಿದ್ರೆ ಲಕ್ಷಣ ಕಾಣೋಕೆ 21 ದಿನದವರೆಗೂ ಹಿಡೀಬಹುದು. ಆ ಹೊತ್ತಲ್ಲಿ ಅಲ್ಲಿದ್ದೋರನ್ನ ಇಂಗ್ಲಿಷಲ್ಲಿ ಎಕ್ಸ್‌ಪೋಸ್ಡ್ ಅಂತಾರೆ. ಕನ್ನಡದಲ್ಲಿ? 'ದಡಾರಕ್ಕೆ ಒಡ್ಡಿಕೊಂಡವರು' ಅಂತ ಕೆಲವು ಕಡೆ ಓದಿದೀನಿ, ಗುಂಡಿಗೆ ಎದೆ ಒಡ್ಡಿದಂಗೆ, ತಾವಾಗೇ ಹೋಗಿ ನಿಂತಂಗೆ ಕೇಳ್ಸತ್ತೆ. ತರಕಾರಿ ತರೋಕೆ ಹೋಗಿದ್ರು ಪಾಪ. 'ಸೋಂಕಿತರು' ಅಂತೂ ಆಗಲ್ಲ, ಅದು ರೋಗ ಬಂದೇಬಿಟ್ಟೋರು. ಹಳೇ ಅರ್ಥದಲ್ಲಿ ಸೋಂಕು ಅಂದ್ರೆ ಬರೀ ಮುಟ್ಟೋದು, ಆ ಲೆಕ್ಕದಲ್ಲಿ ಇಲ್ಲಿಗೆ ಹೇಳಿಮಾಡಿಸಿದ ಪದ, ಆದ್ರೆ 2020ರ ಟೀವಿ ಆ ಅರ್ಥನ ಒರೆಸಿಹಾಕಿಬಿಡ್ತು. 'ಗಾಳಿ ಸೋಕಿರಬಹುದು' ಅಂತ ಬರೆದ್ರೆ ವಿಜ್ಞಾನದ ಪ್ರಕಾರ ಸರಿಯೋ ಸರಿ, ಅಜ್ಜಿಯರು ಮಾತ್ರ ತಾಯತ ಹುಡುಕ್ತಾರೆ. ನಾನು ನಾಮಪದದ ಸಹವಾಸನೇ ಬಿಟ್ಟು 'ಶನಿವಾರ ಸಂಜೆ ನಾಲ್ಕರಿಂದ ಏಳರೊಳಗೆ ಆ ಅಂಗಡಿಗೆ ಹೋಗಿದ್ರಾ? ಹಾಗಾದ್ರೆ ಮೂರು ವಾರ ಮೈಮೇಲೆ ಕಣ್ಣಿಟ್ಟಿರಿ, ಜ್ವರ ಬಂದ್ರೆ ಡಾಕ್ಟ್ರ ಹತ್ರ ಸೀದಾ ಹೋಗ್ಬೇಡಿ, ಮೊದ್ಲು ಫೋನ್ ಮಾಡಿ' ಅಂತ ಬರೀತೀನಿ. ಕ್ವಾರಂಟೈನು ಐಸೊಲೇಷನ್ನೂ ಹಾಗೇ, ರೋಗ ಬರಬಹುದಾದೋರನ್ನ ದೂರ ಇಡೋದು ಒಂದು, ಬಂದೋರನ್ನ ಇಡೋದು ಇನ್ನೊಂದು. ಕ್ವಾರಂಟೈನ್ ಕನ್ನಡವೇ ಆಗೋಗಿದೆ, ಐಸೊಲೇಷನ್‌ಗೆ 'ಬೇರೆ ರೂಮಲ್ಲಿ ಇರೋದು' ಸಾಕು.

ಸೊಳ್ಳೆ ವಿಷಯ ಬೇಗ ಮುಗಿಸ್ತೀನಿ. ವೆಸ್ಟ್ ನೈಲ್ ವೈರಸ್ ಇರೋ ಸೊಳ್ಳೆ ಸಿಕ್ಕಿದ್ರೆ ರಾತ್ರಿ ಹೊತ್ತು ಟ್ರಕ್ಕಲ್ಲಿ ಬಂದು ಔಷಧಿ ಹೊಡೀತಾರೆ. ನಾವು 'ಹೊಗೆ ಹಾಕ್ತಾರೆ' ಅಂತೀವಿ, ಇದು ಹೊಗೆ ಅಲ್ಲ, ತೀರಾ ಸಣ್ಣ ಹನಿ. 'ಸೊಳ್ಳೆ ಔಷಧಿ ಹೊಡೀತಾರೆ' ಸಾಕು ಅನ್ಸತ್ತೆ. ವೆಕ್ಟರ್ ಅನ್ನೋದಕ್ಕೆ 'ರೋಗವಾಹಕ' ಅನ್ನೋ ಇಲಾಖೆ ಪದ ಮಾತ್ರ ನನಗೆ ಹಿಡಿಸಲ್ಲ, ಸೊಳ್ಳೆ ಬದ್ಲು ಯಾರೋ ಮನುಷ್ಯನ್ನ ಬೈದಂಗಿದೆ. ಸತ್ತ ಕಾಗೆ ಕಂಡ್ರೆ ತಿಳಿಸಿ ಅಂತಲೂ ಕೇಳ್ತಾರೆ, ಈ ವೈರಸ್ಸಿಗೆ ಕಾಗೆಗಳೇ ಮೊದ್ಲು ಸಾಯೋದು. ಇದನ್ನ ಹಾಕಿದ ದಿನ ಗುಂಪಲ್ಲಿ ವೈರಸ್ಸಿಗಿಂತ ಶಕುನದ ಚರ್ಚೆನೇ ಜಾಸ್ತಿ ಆಯ್ತು.

ಈಗ ಕೇಳಬೇಕಾದ್ದು: ಉತ್ತರ ಕರ್ನಾಟಕದ ಕಡೆಯವರು, ಕರಾವಳಿಯವರು ದಡಾರಕ್ಕೆ ಮನೇಲಿ ಏನಂತೀರಿ? ನಮ್ಮ ಕಡೆ ಗೊಬ್ಬರ ಅಂತಲೂ ಅಂತಾರೆ, ಆದ್ರೆ ಗುಂಪಲ್ಲಿ ಆ ಪದ ಹಾಕಿದ್ರೆ ಅರ್ಧ ಜನ ತೋಟದ ಗೊಬ್ಬರ ಅಂದ್ಕೊಂಡ್ರು. ಮತ್ತೆ ರೋಗ ಇದ್ದೋರ ಹತ್ರ ಇದ್ದು ಇನ್ನೂ ರೋಗ ಬರದೇ ಇರೋರಿಗೆ ನಿಮ್ಮ ಊರಲ್ಲಿ, ಪ್ಲೇಗ್ ಕಾಲದ ಅಜ್ಜ ಅಜ್ಜಿಯರ ಬಾಯಲ್ಲಿ, ಏನಾದ್ರೂ ಒಂದು ಪದ ಕೇಳಿದ್ರೆ ದಯವಿಟ್ಟು ಊರ ಹೆಸರು ಸಮೇತ ಬರೀರಿ.