ಮುಳ್ಳು ಕಾಲು ಟ್ಯಾಂಕ್ ಎನ್ನುತ್ತಿದೆ, ಕಾರು ಮಾತ್ರ ನಿಂತುಹೋಗುತ್ತಿದೆ: ಸಹಾಯ ಬೇಕು

ನನ್ನದು 22 ವರ್ಷ ಹಳೆಯ ಪೆಟ್ರೋಲ್ ಕಾರು. ಕಳೆದ ವಾರ ಇಂಧನದ ಮುಳ್ಳು ಕಾಲು ಭಾಗದ ಗೆರೆಯ ಮೇಲಿರುವಾಗಲೇ ಎಂಜಿನ್ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಕ್ಯಾನಿನಲ್ಲಿ 5 ಲೀಟರ್ ತಂದು ಸುರಿದೆ. ಮುಳ್ಳು ಕೂದಲೆಳೆಯಷ್ಟೂ ಅಲುಗಲಿಲ್ಲ. ಹತ್ತಿರದ ಬಂಕಿನಲ್ಲಿ ಭರ್ತಿ ಮಾಡಿಸಿದರೆ ಮತ್ತೆ 41 ಲೀಟರ್ ಹಿಡಿಯಿತು. ಕೈಪಿಡಿಯಲ್ಲಿರುವುದು ಒಟ್ಟು 43! ತುಂಬುವ ಕೊಳವೆ, ಆವಿಗೆಂದು ಬಿಟ್ಟ ಖಾಲಿ ಜಾಗ ಆ ಲೆಕ್ಕಕ್ಕೆ ಸೇರುವುದಿಲ್ಲ ಎಂದು ಕೇಳಿದ್ದೇನೆ. ಅದರಿಂದಲೇ ಇಷ್ಟು ವ್ಯತ್ಯಾಸ ಬರುತ್ತದೆಯೇ?

ಟ್ಯಾಂಕಿನೊಳಗಿನ ತೇಲುಬುರುಡೆ ತೂತಾಗಿದ್ದರೆ ಅದು ಮುಳುಗಿ, ಮುಳ್ಳು ಸದಾ ಖಾಲಿ ಎನ್ನಬೇಕಿತ್ತು. ಹಾಗಾಗಿ ನನ್ನ ಅನುಮಾನ ಅದರ ತೋಳು ಎಲ್ಲೋ ಸಿಕ್ಕಿಕೊಂಡಿದೆ, ಇಲ್ಲವೇ ತೋಳು ಉಜ್ಜುತ್ತಾ ಸರಿಯುವ ರೋಧಕದ ಪಟ್ಟಿ ಸವೆದಿದೆ ಎಂದು. ಮೆಕ್ಯಾನಿಕ್ ಮಾತ್ರ ಡ್ಯಾಶ್‌ಬೋರ್ಡಿನ ಮೀಟರನ್ನೇ ಬದಲಿಸಿ ಎನ್ನುತ್ತಿದ್ದಾರೆ. ಸೆಂಡರ್‌ನ (ಬುರುಡೆ, ತೋಳು, ರೋಧಕ ಸೇರಿ ಮೀಟರಿಗೆ ಇಂಧನದ ಮಟ್ಟ ತಿಳಿಸುವ, ಟ್ಯಾಂಕಿನೊಳಗಿನ ಭಾಗ) ತಂತಿಯನ್ನು ಒಮ್ಮೆ ಬಿಚ್ಚಿಯೂ ನೋಡದೆ ಹೇಳಿದ ಮಾತು ಅದು!

ಹಳೆಯ ಕಾರುಗಳಲ್ಲಿ ಸೆಂಡರ್ ಬಿಚ್ಚಿದವರು ಯಾರಾದರೂ ಇದ್ದೀರಾ? ಹಿಂದಿನ ಸೀಟಿನಡಿಯ ಮುಚ್ಚಳದಿಂದಲೇ ಕೈಗೆ ಸಿಗುತ್ತದೆಯೇ, ಟ್ಯಾಂಕನ್ನೇ ಇಳಿಸಬೇಕೇ? ತೋಳನ್ನು ಮೇಲೆ ಕೆಳಗೆ ಆಡಿಸುತ್ತಾ ರೋಧವನ್ನು (ಓಮ್) ಅಳೆದರೆ ಸವೆದ ಜಾಗ ಗೊತ್ತಾಗುತ್ತದೆಯೇ? ಸದ್ಯಕ್ಕೆ ಪ್ರತಿ 300 ಕಿಲೋಮೀಟರಿಗೆ ಟ್ಯಾಂಕ್ ತುಂಬಿಸಿ, ಟ್ರಿಪ್ ಮೀಟರನ್ನು ಸೊನ್ನೆಗೆ ತಿರುಗಿಸಿ ಓಡಿಸುತ್ತಿದ್ದೇನೆ.