ಹಳದಿ ಮೈ, ನೀಲಿ ಪಟ್ಟೆಯ ಪುಟ್ಟ ಕೆಂಬೇರಿ: ಗುರುತು ಹೇಗೆ, ಗಾಳಕ್ಕೆ ಬೀಳದಿರುವುದೇಕೆ?

ಪ್ರಶ್ನೆ (ದಾವಣಗೆರೆ):
ಸೂಳೆಕೆರೆಯಲ್ಲಿ ಜಿಲೇಬಿ ಮೀನು ಹಿಡಿದು ಪಳಗಿದ ನಾನು ಕಳೆದ ತಿಂಗಳು ಮುರ್ಡೇಶ್ವರದ ಕಡೆ ದೋಣಿಯಲ್ಲಿ ಹೋಗಿ, ಬಂಡೆ ತಳದ ನೀರಿನಲ್ಲಿ ಗಾಳ ಹಾಕಿದ್ದೆ. ಮಧ್ಯಾಹ್ನವಿಡೀ ಸಿಗಡಿ ಖಾಲಿಯಾಯಿತೇ ಹೊರತು, ಸಿಕ್ಕಿದ್ದು ಗೇಣುದ್ದದ ಒಂದೇ ಮೀನು. ಹಳದಿ ಮೈಮೇಲೆ ನಾಲ್ಕು ನೀಲಿ ಪಟ್ಟೆಗಳಿದ್ದವು. ದೋಣಿಯವರು ಕೆಂಬೇರಿ ಎಂದರು; ಕೆಂಪೇ ಇಲ್ಲದ್ದು ಕೆಂಬೇರಿ ಹೇಗಾದೀತು? ಮಂಜುಗಡ್ಡೆಯಲ್ಲಿಟ್ಟು ಊರಿಗೆ ತರುವಷ್ಟರಲ್ಲಿ ಬಣ್ಣವೂ ಮಾಸಿದೆ.

ಉತ್ತರ (ಚಿತ್ರದುರ್ಗ):
ದೋಣಿಯವರು ಹೇಳಿದ್ದರಲ್ಲಿ ತಪ್ಪಿಲ್ಲ, ಅದು ಕೆಂಬೇರಿ ಎಂದು ಕರೆಯುವ ಸ್ನ್ಯಾಪರ್ ಬಳಗದ್ದೇ. ಆದರೆ ನೀಲಿ ಪಟ್ಟೆಯ ಹಳದಿ ಸ್ನ್ಯಾಪರ್‌ಗಳು ಒಂದಕ್ಕಿಂತ ಹೆಚ್ಚಿವೆ. ವೈಜ್ಞಾನಿಕ ಹೆಸರಿನಲ್ಲಿ ಹೇಳುವುದಾದರೆ, ಐದು ಪಟ್ಟೆಗಳಿದ್ದರೆ ಲುಟ್ಜಾನಸ್ ಕ್ವಿಂಕ್ವಿಲೀನಿಯೇಟಸ್. ನಾಲ್ಕಿದ್ದು, ಹೊಟ್ಟೆಯ ಬಿಳುಪಿನ ಮೇಲೆ ತೆಳುವಾದ ಬೂದು ಗೆರೆಗಳಿದ್ದರೆ ಕಾಸ್ಮಿರಾ. ಹೊಟ್ಟೆ ಅಚ್ಚ ಬಿಳಿಯಾಗಿದ್ದರೆ ಬೆಂಗಾಲೆನ್ಸಿಸ್. (1775ರಲ್ಲಿ ದಾಖಲಾದ ಕಾಸ್ಮಿರಾ ಎಂಬ ಹೆಸರಿಗೂ ಕಾಶ್ಮೀರಕ್ಕೂ ನಂಟಿಲ್ಲ, ಅದು ಕೆಂಪು ಸಮುದ್ರದ ಕಡೆಯ ಅರಬ್ಬಿ ಹೆಸರು.) ಬಣ್ಣ ಮಾಸಿದ ಮೀನಿನಲ್ಲಿ ನಾನು ನಂಬುವುದು ಮುಳ್ಳನ್ನು: ಬೆನ್ನಿನ ರೆಕ್ಕೆಯಲ್ಲಿ ಗಟ್ಟಿ ಮುಳ್ಳುಗಳು ಕಾಸ್ಮಿರಾಕ್ಕೆ 10, ಬೆಂಗಾಲೆನ್ಸಿಸ್‌ಗೆ 11 ಅಥವಾ 12. ಮೊದಲ ಮುಳ್ಳು ಬಹಳ ಗಿಡ್ಡ, ಅದನ್ನು ಮರೆತು ಎಣಿಸುವವರೇ ಹೆಚ್ಚು, ನೀವು ಅದನ್ನೂ ಸೇರಿಸಿ.

ಪ್ರಶ್ನೆ ಕೇಳಿದವರು:
ಫ್ರೀಜರಿನಿಂದ ತೆಗೆದು, ರೆಕ್ಕೆಯನ್ನು ಬಿಡಿಸಿ ಸೂಜಿಯ ತುದಿಯಿಂದ ಎರಡು ಸಲ ಎಣಿಸಿದೆ: 11. ಹೊಟ್ಟೆಯಲ್ಲಿ ಗೆರೆಯಿಲ್ಲ. ಎರೆ ಕಳೆದುಕೊಂಡದ್ದಕ್ಕೆ ಕಾರಣವೇನು?

ಉತ್ತರ (ಚಿತ್ರದುರ್ಗ):
ಹಾಗಾದರೆ ಬೆಂಗಾಲೆನ್ಸಿಸ್. ಎರೆ ಹೋದದ್ದಕ್ಕೆ ನನಗೆ ಮೂರು ಅನುಮಾನಗಳಿವೆ. ಈ ಬಗೆಯ ಪಟ್ಟೆ ಸ್ನ್ಯಾಪರ್‌ಗಳು ಹಗಲೆಲ್ಲ ಬಂಡೆಯ ಬಳಿ ಗುಂಪಾಗಿ ನಿಂತು, ಸಂಜೆಯಾದ ಮೇಲೆ ಸಿಗಡಿ, ಏಡಿ, ಮರಿಮೀನುಗಳನ್ನು ಹುಡುಕಿ ಚದುರುತ್ತವೆ. ಮಧ್ಯಾಹ್ನ ನಿಮ್ಮ ಸಿಗಡಿಯನ್ನು ಕಿತ್ತದ್ದು ಬೇರೆ ಪುಟ್ಟ ಮೀನುಗಳೂ ಇರಬಹುದು. ಎರಡನೆಯದು, ಕೆರೆಯಲ್ಲಿ ಬೆಂಡು ಮುಳುಗಿದ ಮೇಲೆ ಎಳೆಯುವ ಅಭ್ಯಾಸ. ಇಲ್ಲಿ ಬೆಂಡು ಬೇಡ. ಸೀಸದ ಗುಂಡನ್ನು ದಾರದ ತುದಿಗೆ ಕಟ್ಟಿ, ಅದಕ್ಕಿಂತ ಒಂದು ಮೊಳ ಮೇಲೆ ಗಿಡ್ಡ ಕವಲಿನಲ್ಲಿ ಸಣ್ಣ ಗಾಳ ತೂಗಬಿಟ್ಟು, ದಾರವನ್ನು ಬಿಗಿಯಾಗಿ ಬೆರಳಿನ ಮೇಲೆ ಹಿಡಿಯಿರಿ. ಮೂರನೆಯದು ಮೆತ್ತನೆಯ ಸಿಗಡಿ. ಅದರ ಬದಲು ಬೊಂಡಾಸನ್ನು (ಸ್ಕ್ವಿಡ್) ಕಿರುಬೆರಳಗಲ ಸೀಳಿ ಚುಚ್ಚಿದರೆ ಸುಲಭವಾಗಿ ಕಳಚುವುದಿಲ್ಲ. ಕಚ್ಚಿದ್ದು ತಿಳಿದೊಡನೆ ತಳದಿಂದ ಎತ್ತಿಬಿಡಿ, ಇಲ್ಲವಾದರೆ ಮೀನು ಬಂಡೆಯ ಸಂದಿಗೆ ನುಗ್ಗಿ ದಾರ ಸವೆಯುತ್ತದೆ.